ದೀಪಸ್ತಂಭದ ಫೋಟೊ: ಮೊದಲು ಲಯ, ಆಮೇಲೆ ಷಟರ್

ರಾತ್ರಿ ಲೈಟ್‌ಹೌಸ್ ಎದುರು ಟ್ರೈಪಾಡ್ ನಿಲ್ಲಿಸಿದವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಬೆಳಕನ್ನು ಒಳಬಿಡುವ ಷಟರನ್ನು 30 ಸೆಕೆಂಡ್ ತೆರೆದಿಡುವುದು. ಆಕಾಶ ಚೆನ್ನಾಗಿಯೇ ಬರುತ್ತದೆ, ನೀರೂ ನುಣುಪಾಗುತ್ತದೆ. ಸ್ತಂಭದ ತಲೆಯಲ್ಲಿ ಮಾತ್ರ ಬಿಳಿ ಮುದ್ದೆಯೊಂದು ಕೂತಿರುತ್ತದೆ. ಕಣ್ಣಿಗೆ ಕಂಡಿದ್ದ ಕಿರಣ ಚಿತ್ರದಲ್ಲಿ ಇರುವುದಿಲ್ಲ. ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾಕ್ಕೆ ಬೆಳಕು ಬಿಡುವ ಹೊತ್ತು, ಎಷ್ಟು ಎಂಬುದನ್ನು ಇಲ್ಲಿ ಆಕಾಶಕ್ಕಿಂತ ಮೊದಲು ದೀಪವೇ ತೀರ್ಮಾನಿಸಬೇಕು. ಆದ್ದರಿಂದ ಕ್ಯಾಮೆರಾ ಮುಟ್ಟುವ ಮೊದಲು ಗಡಿಯಾರ ಹಿಡಿದು ದೀಪವನ್ನು ನಾಲ್ಕಾರು ಸುತ್ತು ನೋಡಿ.

ಪ್ರತಿ ದೀಪಕ್ಕೂ ತನ್ನದೇ ಲಯವಿದೆ. ನಾವಿಕರು ಇದು ಯಾವ ದೀಪ ಎಂದು ಗುರುತಿಸುವುದು ಅದರಿಂದಲೇ. ಕೆಲವು ಒಂದೇ ಸಮನೆ ಉರಿಯುತ್ತವೆ. ಮಿಂಚುವ ದೀಪದಲ್ಲಿ ಕತ್ತಲಿನ ಹೊತ್ತು ಹೆಚ್ಚು, ಬೆಳಕಿನದು ಕಡಿಮೆ. ಮರೆಯಾಗುವ ದೀಪದಲ್ಲಿ ಇದು ತಿರುವುಮುರುವು: ಬೆಳಕೇ ಹೆಚ್ಚು, ನಡುನಡುವೆ ತುಸು ಕತ್ತಲು. ಎರಡೂ ಸಮನಾಗಿರುವ ದೀಪಗಳೂ ಇವೆ. ಸಮುದ್ರ ನಕ್ಷೆಯಲ್ಲಿ ‘ಎಫ್‌ಎಲ್ (2) 10ಎಸ್’ ಎಂದಿದ್ದರೆ ಪ್ರತಿ ಹತ್ತು ಸೆಕೆಂಡಿಗೆ ಎರಡು ಮಿಂಚು ಎಂದರ್ಥ.

ಮಿಂಚು ಹುಟ್ಟುವ ಬಗೆಯೂ ಎರಡು. ಹಳೆಯ ಸ್ತಂಭಗಳಲ್ಲಿ ಒಳಗಿನ ದೀಪ ಆರುವುದೇ ಇಲ್ಲ. ಅದರ ಸುತ್ತ ಗಾಜಿನ ಲೆನ್ಸ್ ತಿರುಗುತ್ತದೆ. ಫ್ರಾನ್ಸಿನ ವಿಜ್ಞಾನಿ ಫ್ರೆನೆಲ್ ರೂಪಿಸಿದ ಈ ಬಗೆಯ ಲೆನ್ಸ್ 1823ರಲ್ಲಿ ಅಲ್ಲಿನದೇ ಕೊರ್ದುವಾನ್ ದೀಪಸ್ತಂಭದಲ್ಲಿ ಮೊದಲು ಬೆಳಗಿತು. ಲೆನ್ಸಿನ ಪ್ರತಿ ಫಲಕದಿಂದ ಒಂದೊಂದು ಕಿರಣ ಹೊರಡುತ್ತದೆ; ಅದು ನಮ್ಮ ಕಣ್ಣನ್ನು ಹಾದುಹೋದಾಗ ನಮಗೆ ಮಿಂಚು. ಆಕಾಶದಲ್ಲಿ ಗಾಲಿಯ ಕಡ್ಡಿಗಳಂತೆ ತಿರುಗುವುದು ಇವೇ ಕಿರಣಗಳು.

ಈಗ ಲೆಕ್ಕ ಸುಲಭ. ನಾಲ್ಕು ಫಲಕದ ಲೆನ್ಸ್ 20 ಸೆಕೆಂಡಿಗೆ ಒಂದು ಸುತ್ತು ಬರುತ್ತದೆ ಎನ್ನಿ. ಸೆಕೆಂಡಿಗೆ 18 ಡಿಗ್ರಿ ಆಯಿತು. ಒಂದು ಸೆಕೆಂಡ್ ಷಟರ್ ತೆರೆದರೆ ಕಿರಣ 18 ಡಿಗ್ರಿಯಷ್ಟು ಹರಡುತ್ತದೆ, ಕಾಲು ಸೆಕೆಂಡಿಗೆ ನಾಲ್ಕೂವರೆ ಡಿಗ್ರಿ. 30 ಸೆಕೆಂಡಿನಲ್ಲಿ ಕಿರಣಗಳು ಇಡೀ ಆಕಾಶವನ್ನು ಸವರಿಬಿಡುತ್ತವೆ, ಉಳಿಯುವುದು ಮಂಕು ಬಿಳುಪು ಮಾತ್ರ. ಕಿರಣ ಬೇಕೆಂದರೆ ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಪೂರ್ತಿ ತೆರೆದು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ, ಷಟರನ್ನು ಕಾಲು ಸೆಕೆಂಡಿನಿಂದ ಅರ್ಧ ಸೆಕೆಂಡಿನೊಳಗೆ ಇಡಿ. ಸೂರ್ಯ ಮುಳುಗಿದ ಮೇಲೆ ಆಕಾಶ ನೀಲಿಯಾಗಿರುವ ಹೊತ್ತೇ ಇದಕ್ಕೆ ವಾಸಿ. ತುಸು ಮಂಜಿದ್ದರೆ ಇನ್ನೂ ಒಳ್ಳೆಯದು. ಬೆಳಕನ್ನು ಚದುರಿಸುವ ಹನಿಯೋ ಧೂಳೋ ಗಾಳಿಯಲ್ಲಿ ಇಲ್ಲದಿದ್ದರೆ, ಬದಿಯಲ್ಲಿ ಹೋಗುವ ಕಿರಣ ಯಾವ ಕ್ಯಾಮೆರಾಕ್ಕೂ ಸಿಗದು.

ಇನ್ನೊಂದು ಬಗೆ ಎಲ್‌ಇಡಿ. ಇಂಥ ಅನೇಕ ದೀಪಗಳು ತಿರುಗುವುದಿಲ್ಲ, ನಿಂತಲ್ಲೇ ಹೊತ್ತಿ ಆರುತ್ತವೆ. ಅಲ್ಲಿ ತಿರುಗುವ ಕಿರಣಕ್ಕಾಗಿ ರಾತ್ರಿಯೆಲ್ಲ ಕಾದರೂ ವ್ಯರ್ಥ. ದೀರ್ಘ ಎಕ್ಸ್‌ಪೋಷರ್ ಕೊಡಬಹುದು, ಆದರೆ ಅದರೊಳಗೆ ಎಷ್ಟು ಮಿಂಚು ಬೀಳುತ್ತದೆ ಎಂದು ಎಣಿಸಿ. ಒಂದು ಮಿಂಚು ಸಾಕೆನಿಸಿದರೆ ಅದು ಬಿದ್ದ ಮೇಲೆ, ಉಳಿದ ಮಿಂಚುಗಳ ಹೊತ್ತಿಗೆ ಕ್ಯಾಮೆರಾ ಲೆನ್ಸಿನ ಮುಂದೆ ಕಪ್ಪು ರಟ್ಟು ಹಿಡಿದು ದೀಪದ ಭಾಗ ಮರೆಮಾಡಿ. ರಟ್ಟು ಅಲುಗಾಡುತ್ತಿರಲಿ, ಇಲ್ಲವಾದರೆ ಅಂಚಿನ ಗೆರೆ ಚಿತ್ರದಲ್ಲಿ ಉಳಿಯುತ್ತದೆ. ಕಂಪ್ಯೂಟರಿನಲ್ಲಿ ಎರಡು ಫೋಟೊ ಜೋಡಿಸುವುದಕ್ಕಿಂತ ನನಗೆ ಈ ಹಳೆಯ ಉಪಾಯವೇ ಇಷ್ಟ.

ಬಣ್ಣದ ದೀಪಗಳಿಗೆ ಆಟೊ ವೈಟ್ ಬ್ಯಾಲೆನ್ಸ್ (ಕ್ಯಾಮೆರಾ ತಾನೇ ಬಣ್ಣ ಸರಿಹೊಂದಿಸುವುದು) ಬೇಡ. ಎಕ್ಸ್‌ಪೋಷರ್ ಹೆಚ್ಚಾದರೆ ಕೆಂಪು ದೀಪ ಮೊದಲು ಹಳದಿಗೆ ತಿರುಗಿ ಕೊನೆಗೆ ಬಿಳಿಯಾಗುತ್ತದೆ. ಬಣ್ಣ ಉಳಿಯಬೇಕಾದರೆ ಬೆಳಕು ಕಡಿಮೆ ಕೊಡಿ. ಬಂದರಿನ ಚಿತ್ರವನ್ನು ಅಂದಕ್ಕೆಂದು ಕನ್ನಡಿಯಂತೆ ತಿರುಗಿಸಲೂಬಾರದು. ಹಡಗು ಸಮುದ್ರದಿಂದ ಒಳಬರುವಾಗ ದಾರಿಯ ಎಡಗಡೆಯ ಗುರುತು ಯುರೋಪ್, ಆಫ್ರಿಕಾ ಮತ್ತು ಏಷ್ಯಾದ ಬಹುಭಾಗದಲ್ಲಿ ಕೆಂಪು. ಅಮೆರಿಕ ಖಂಡಗಳು, ಜಪಾನ್, ಕೊರಿಯಾ, ಫಿಲಿಪ್ಪೀನ್ಸ್‌ನಲ್ಲಿ ಹಸಿರು. ಚಿತ್ರ ತಿರುಗಿಸಿದರೆ ದಾರಿಯೇ ತಲೆಕೆಳಗು. ನೋಡಿದ ನಾವಿಕ ನಕ್ಕಾನು.

ಹಗಲಿನಲ್ಲಿ ಗುರುತಿನ ಕೆಲಸ ಬಣ್ಣದ ಪಟ್ಟೆಗಳದು. ಅಮೆರಿಕದ ಉತ್ತರ ಕೆರೊಲಿನಾದ ಒಂದೇ ಕರಾವಳಿಯಲ್ಲಿ ಕೇಪ್ ಹ್ಯಾಟರಸ್ ಸ್ತಂಭಕ್ಕೆ ಸುರುಳಿ ಪಟ್ಟೆ, ಕೇಪ್ ಲುಕ್‌ಔಟ್‌ಗೆ ವಜ್ರಾಕೃತಿಯ ಕಪ್ಪು ಬಿಳಿ ಮನೆಗಳು. ಸೂರ್ಯನಿಗೆ ಎದುರಾಗಿ ತೆಗೆದ ಕಪ್ಪು ನೆರಳಿನ ಚಿತ್ರದಲ್ಲಿ ಈ ಎರಡರ ಗುರುತೂ ಅಳಿಯುತ್ತದೆ. ಬೆಳಕು ಬದಿಯಿಂದ ಬೀಳುವ ಬೆಳಗ್ಗೆ ಅಥವಾ ಸಂಜೆ ಹೋಗಿ, ಹಿಂದೆ ಸರಿದು ಉದ್ದ ಲೆನ್ಸ್ (ದೂರದ್ದನ್ನು ಹತ್ತಿರ ತೋರುವ ಟೆಲಿ ಲೆನ್ಸ್) ಬಳಸಿ. ಬುಡದಲ್ಲಿ ನಿಂತು ಕ್ಯಾಮೆರಾ ಮೇಲೆತ್ತಿದರೆ ಸ್ತಂಭ ಹಿಂದಕ್ಕೆ ವಾಲಿದಂತೆ ಬರುತ್ತದೆ.

ಎತ್ತರ ತಿಳಿಯಲು ಅಳತೆಗೋಲೊಂದು ಬೇಕು. 1989ರ ಡಿಸೆಂಬರಿನ ಬಿರುಗಾಳಿಯಲ್ಲಿ ಛಾಯಾಗ್ರಾಹಕ ಜ್ಯಾಂ ಗಿಶಾರ್ ಹೆಲಿಕಾಪ್ಟರಿನಿಂದ ತೆಗೆದ, ಫ್ರಾನ್ಸಿನ ಲಾ ಜ್ಯೂಮಾಂ ದೀಪಸ್ತಂಭದ ಚಿತ್ರ ನೋಡಿ. ಸ್ತಂಭವನ್ನು ಸುತ್ತುವರಿಯುತ್ತಿರುವ ಅಲೆ ಎಷ್ಟು ದೊಡ್ಡದೆಂದು ತಿಳಿಯುವುದು ಬಾಗಿಲಲ್ಲಿ ನಿಂತ ಕಾವಲುಗಾರನಿಂದ. ಆತ ಬದುಕುಳಿದ.

ಬಂದರಿಗೆ ದಾರಿ ತೋರುವ ಜೋಡಿ ದೀಪಗಳನ್ನು ಬಹಳ ಜನ ಗಮನಿಸುವುದೇ ಇಲ್ಲ. ಮುಂದಿನದು ಕೆಳಗೆ, ಹಿಂದಿನದು ಎತ್ತರದಲ್ಲಿ. ಒಂದರ ಮೇಲೊಂದು ನೇರವಾಗಿ ಕಂಡರೆ ಹಡಗು ಸರಿದಾರಿಯಲ್ಲಿದೆ. ನೀವು ಬಲಕ್ಕೆ ಸರಿದರೆ ಮೇಲಿನ ದೀಪವೂ ಬಲಕ್ಕೆ ಸರಿದಂತೆ ಕಾಣುತ್ತದೆ. ಉದ್ದ ಲೆನ್ಸಿನಲ್ಲಿ ಎರಡು ಚಿತ್ರ ತೆಗೆಯಿರಿ: ಒಂದು ಸಾಲಿನಲ್ಲಿ ನಿಂತು, ಇನ್ನೊಂದು ಸಾಲು ತಪ್ಪಿಸಿ. ಅಕ್ಕಪಕ್ಕ ಇಟ್ಟರೆ ವಿವರಣೆಯೇ ಬೇಡ.