ಬಿಳಿ ಕೀಗಳು ಅವೇ, ಸ್ಕೇಲ್ ಮಾತ್ರ ಬೇರೆ ಯಾಕೆ?

ಪ್ರಶ್ನೆ: ಕೀಬೋರ್ಡ್ ಕಲಿಯುತ್ತಿದ್ದೇನೆ. ಸಿ ಮೇಜರ್‌ಗೂ ಬರೀ ಬಿಳಿ ಕೀಗಳೇ, ಎ ಮೈನರ್‌ಗೂ ಅವೇ. ಹಾಗಿದ್ದ ಮೇಲೆ ಎರಡು ಹೆಸರು ಯಾಕೆ?

ಉತ್ತರ: ಕೀಗಳು ಅವೇ, ಆದರೆ ಷಡ್ಜ, ಅಂದರೆ ಸ್ಕೇಲ್ ಶುರುವಾಗುವ ಸಾ, ಬೇರೆ. ಷಡ್ಜ ಬದಲಾದರೆ ಅದರಿಂದ ಪ್ರತಿ ಕೀಯ ದೂರವೂ ಬದಲಾಗುತ್ತದೆ.

ಕೀಬೋರ್ಡ್ ಮುಂದೆ ಕೂತು ಎಣಿಸಿ ನೋಡಿ. ಕಪ್ಪು, ಬಿಳಿ ಯಾವುದೇ ಆಗಲಿ, ಪಕ್ಕದ ಕೀಗೆ ಹೋದರೆ ಒಂದು ಹೆಜ್ಜೆ. ಸಿ ಯಿಂದ ಮೇಲಿನ ಸಿ ಗೆ 12 ಹೆಜ್ಜೆ. ಬಿಳಿ ಕೀಗಳ ಮೇಲೇ ನಡೆದರೆ 2-2-1-2-2-2-1. ಇದೇ ಮೇಜರ್ ಸ್ಕೇಲ್. ನಮ್ಮ ಕರ್ನಾಟಕ ಸಂಗೀತದ 29ನೇ ಮೇಳ (ಏಳೂ ಸ್ವರಗಳಿರುವ ಮೂಲ ರಾಗ) ಶಂಕರಾಭರಣದ ಸ್ವರಗಳೂ ಇವೇ. ಈಗ ಎ ಯಿಂದ ಹೊರಡಿ: 2-1-2-2-1-2-2. ಗಾಂಧಾರ (ಗ) ಸಾ ಯಿಂದ 4 ಹೆಜ್ಜೆ ದೂರ ಇದ್ದದ್ದು 3ಕ್ಕೆ ಬಂತು. ಧೈವತ (ದ), ನಿಷಾದ (ನಿ) ಕೂಡ ಒಂದೊಂದು ಹೆಜ್ಜೆ ಇಳಿದವು. ಇದು ಮೈನರ್, ನಮ್ಮ ನಟಭೈರವಿ.

ಸುಮ್ನೆ ಎಣಿಸಿದರೆ ಸಾಲದು, ಕಿವಿಗೆ ಕೇಳಬೇಕು. ಮೊಬೈಲ್‌ನಲ್ಲಿ ತಂಬೂರಿ ಆ್ಯಪ್ ಹಾಕಿ, ಶ್ರುತಿ ಸಿ ಗೆ ಇಟ್ಟು ಬಿಳಿ ಕೀಗಳನ್ನು ನಿಧಾನವಾಗಿ ನುಡಿಸಿ. ಆಮೇಲೆ ಶ್ರುತಿ ಎ ಗೆ ಬದಲಿಸಿ ಅವೇ ಕೀಗಳನ್ನು ಒತ್ತಿ. ಮೊದಲು ಗಾಂಧಾರವಾಗಿದ್ದ ಇ ಈಗ ಪಂಚಮವಾಗಿ (ಪ) ನಿಂತಿರುತ್ತದೆ. ನನಗೆ ಇದು ಎಷ್ಟು ಸಲ ಕೇಳಿದರೂ ಬೆರಗೇ!

ಇದಕ್ಕೆ ಗ್ರಹಭೇದ ಅಂತಾರೆ. ಶಂಕರಾಭರಣದ ರಿ ಯನ್ನು ಸಾ ಮಾಡಿಕೊಂಡರೆ ಖರಹರಪ್ರಿಯ, ಗ ದಿಂದ ತೋಡಿ, ಮ ದಿಂದ ಕಲ್ಯಾಣಿ, ಪ ದಿಂದ ಹರಿಕಾಂಭೋಜಿ. ಸಿಗುವುದು ಸ್ವರಗಳು ಮಾತ್ರ, ರಾಗ ಅಲ್ಲ. ಗಮಕ (ಸ್ವರಗಳನ್ನು ಬಳುಕಿಸಿ ಹಾಡುವ ರೀತಿ) ಇಲ್ಲದ ತೋಡಿ ತೋಡಿಯೇ ಅಲ್ಲ, ಅಲ್ವಾ? ನಿ ಯಿಂದ ಹೊರಟರೆ ಮೇಳವೇ ಆಗಲ್ಲ. ಬಿ ಯಿಂದ ಎಫ್ 6 ಹೆಜ್ಜೆ. ಪಂಚಮಕ್ಕೆ 7 ಬೇಕು.

ಸಾ ಕದಲಿಸದೆಯೂ ಹೊಸ ಸ್ಕೇಲ್ ಕಟ್ಟಬಹುದು. ಶಂಕರಾಭರಣದ ಗ ಮಾತ್ರ ಒಂದು ಹೆಜ್ಜೆ ಇಳಿಸಿದರೆ ಗೌರಿಮನೋಹರಿ. ಜೊತೆಗೆ ದ ಕೂಡ ಇಳಿಸಿದರೆ ಕೀರವಾಣಿ, ಪಾಶ್ಚಾತ್ಯರ ಹಾರ್ಮೋನಿಕ್ ಮೈನರ್. ಏನೂ ಇಳಿಸದೆ ಮ, ನಿ ಎರಡನ್ನೂ ಬಿಟ್ಟುಬಿಟ್ಟರೆ ಮೋಹನ. ಆಗ ಹೆಜ್ಜೆ 2-2-3-2-3, ಎಲ್ಲೂ ಒಂದು ಹೆಜ್ಜೆಯ ಇಕ್ಕಟ್ಟಿಲ್ಲ. ಚಿಕ್ಕ ಮಕ್ಕಳಿಗೆ ಈ ಐದೇ ಕೀ ತೋರಿಸಿ ಬಿಡಿ. ಹೇಗೆ ಒತ್ತಿದರೂ ಕೇಳಲು ಹಿತವಾಗಿಯೇ ಇರುತ್ತದೆ.