ಮೊದಲು ಹಣ, ಆಮೇಲೆ ಆರೋಪಿ: ಸೈಬರ್ ವಂಚನೆಯ ತನಿಖೆ ಕುರಿತ ಟಿಪ್ಪಣಿ

ಸೈಬರ್ ವಂಚನೆಯ ವಿಷಯವನ್ನು ಕಾನೂನಿನ ಕಲಂಗಳ ಪಟ್ಟಿಯಿಂದ ಓದಲು ತೊಡಗಿದರೆ ತನಿಖೆಯ ಸ್ವರೂಪ ತಿಳಿಯುವುದಿಲ್ಲ. ಸಾಮಾನ್ಯ ಕಳವಿನಲ್ಲಿ ಪೊಲೀಸರು ಕಳ್ಳನನ್ನು ಹಿಡಿದು ಅವನಿಂದ ಮಾಲು ವಶಪಡಿಸಿಕೊಳ್ಳುತ್ತಾರೆ. ಇಲ್ಲಿ ಮೊದಲು ಹಣವನ್ನು ತಡೆಯಬೇಕು, ಆರೋಪಿ ಯಾರೆಂಬುದು ಆಮೇಲಿನ ಮಾತು.

ಶಿರಸಿ ಸೀಮೆಯ ಅಡಿಕೆ ಬೆಳೆಗಾರರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದ ಹಣ ಖಾತೆಗೆ ಜಮೆಯಾಗಿದೆ. ‘ಕೆವೈಸಿ ಅವಧಿ ಮುಗಿದಿದೆ’ ಎಂಬ ಸಂದೇಶದ ಜೊತೆ ಬಂದ ಎಪಿಕೆ ಕಡತವನ್ನು (ಫೋನಿನಲ್ಲಿ ಆ್ಯಪ್ ಸ್ಥಾಪಿಸುವ ಕಡತ) ಅವರು ಒತ್ತಿದ್ದಾರೆ. ಅಂದಿನಿಂದ ಅವರಿಗೆ ಬರುವ ಒಟಿಪಿಗಳೆಲ್ಲ ವಂಚಕನಿಗೂ ತಲುಪುತ್ತಿವೆ. ಹೊರಹೋದ ನಾಲ್ಕು ಲಕ್ಷ ರೂಪಾಯಿ ಕೆಲವೇ ನಿಮಿಷಗಳಲ್ಲಿ ಹಲವು ಖಾತೆಗಳಿಗೆ ಹಂಚಿಹೋಗಿ, ಕಡೆಗೆ ಎಟಿಎಂನಲ್ಲಿ ನಗದಾಗುತ್ತದೆ. ಮೊದಲ ಖಾತೆ ಸಾಮಾನ್ಯವಾಗಿ ಕಮಿಷನ್ ಆಸೆಗೆ ಪಾಸ್‌ಬುಕ್ಕನ್ನೂ ಸಿಮ್ಮನ್ನೂ ಬಾಡಿಗೆಗೆ ಕೊಟ್ಟವನದ್ದಾಗಿರುತ್ತದೆ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ವಹಿವಾಟಿನ ಉಲ್ಲೇಖ ಸಂಖ್ಯೆ ಕೊಟ್ಟರೆ ದೂರು ಸಂಬಂಧಪಟ್ಟ ಬ್ಯಾಂಕಿಗೆ ಹೋಗುತ್ತದೆ. ಹಣ ಅಲ್ಲಿಯೇ ಇದ್ದರೆ ಬ್ಯಾಂಕು ತಡೆಹಿಡಿಯುತ್ತದೆ. ಮುಂದೆ ಸಾಗಿದ್ದರೆ ಎಲ್ಲಿಗೆಂದು ನಮೂದಿಸುತ್ತದೆ, ಹಣದ ಬೆನ್ನು ಹತ್ತಿ ದೂರು ಆ ಬ್ಯಾಂಕಿಗೆ ಹೋಗುತ್ತದೆ. ಕೇಂದ್ರ ಗೃಹ ಸಚಿವಾಲಯ 2021ರಲ್ಲಿ ರೂಪಿಸಿದ ಈ ವ್ಯವಸ್ಥೆಯ ಬಲವೆಲ್ಲ ಮೊದಲ ಗಂಟೆಯಲ್ಲಿದೆ. (ಸಿಗ್ನಲ್‌ಗಾಗಿ ತೋಟದಿಂದ ಗುಡ್ಡ ಹತ್ತಬೇಕಾದ ನಮ್ಮ ಘಟ್ಟದ ಮನೆಗಳಿಗೆ ಆ ಗಂಟೆ ಇನ್ನೂ ಚಿಕ್ಕದು.)

ಪ್ರಕರಣ ಬಹುತೇಕ ಕಾರವಾರದ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಯಲ್ಲಿ ದಾಖಲಾಗುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 78ನೇ ಕಲಂ ಪ್ರಕಾರ ತನಿಖಾಧಿಕಾರಿ ಇನ್ಸ್‌ಪೆಕ್ಟರ್ ದರ್ಜೆಗಿಂತ ಕೆಳಗಿನವರಾಗಿರಬಾರದು. ಅದೇ ಕಾಯ್ದೆಯ 66ಡಿ ಕಲಂಗೆ (ಕಂಪ್ಯೂಟರ್ ಸಾಧನ ಬಳಸಿ ಬೇರೆಯವರಂತೆ ನಟಿಸಿ ವಂಚಿಸುವುದು) ಗರಿಷ್ಠ ಮೂರು ವರ್ಷ ಶಿಕ್ಷೆ, ಜಾಮೀನೂ ಸಿಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 318(4)ಕ್ಕೆ (ವಂಚಿಸಿ ಸ್ವತ್ತು ಪಡೆಯುವುದು) ಗರಿಷ್ಠ ಏಳು ವರ್ಷ, ಅದು ಜಾಮೀನುರಹಿತ. ಎರಡನ್ನೂ ಒಟ್ಟಿಗೆ ಹಾಕುವುದು ಏಕೆಂದು ಇದರಿಂದ ತಿಳಿಯುತ್ತದೆ.

ಐಪಿ ವಿಳಾಸದ (ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಭಾಗವನ್ನು ಹೆಚ್ಚಿನವರು ಬೇಗ ದಾಟಿಬಿಡುತ್ತಾರೆ. ನನ್ನ ಪ್ರಕಾರ ತನಿಖೆ ಎಡವುವುದು ಅಲ್ಲಿಯೇ. ಒಂದೇ ಐಪಿಯನ್ನು ಮೊಬೈಲ್ ಕಂಪನಿಗಳು ಏಕಕಾಲಕ್ಕೆ ಅನೇಕ ಗ್ರಾಹಕರಿಗೆ ಹಂಚುವುದರಿಂದ, ಒಂದೇ ಐಪಿಯ ಸಂಪರ್ಕಗಳನ್ನು ಬೇರ್ಪಡಿಸುವ ಪೋರ್ಟ್ ಸಂಖ್ಯೆಯೂ ನಿಖರ ಸಮಯವೂ ಇಲ್ಲದೆ ವ್ಯಕ್ತಿಯನ್ನು ಗುರುತಿಸಲಾಗದು. ವಿದೇಶಿ ಕಂಪನಿಗಳ ದಾಖಲೆಯಲ್ಲಿ ಸಾಮಾನ್ಯವಾಗಿ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಇರುತ್ತದೆ. ಅಲ್ಲಿ 14.40 ಎಂದಿದ್ದರೆ ನಮ್ಮಲ್ಲಿ ರಾತ್ರಿ 8.10, ಐದೂವರೆ ಗಂಟೆ ಸೇರಿಸಲು ಮರೆತು ಮೊಬೈಲ್ ಕಂಪನಿಗೆ ಬರೆದ ಪತ್ರಕ್ಕೆ ಬರುವ ಉತ್ತರದಲ್ಲಿ ಏನೂ ಅರಿಯದ ಯಾರದೋ ಹೆಸರಿರುತ್ತದೆ. ಹೀಗೆ ಪಡೆದ ಪ್ರತಿಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕು. ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲವೆಂದು ತೋರಿಸುವ ಬೆರಳಚ್ಚಿನಂಥ ಸಂಕೇತ) ನಮೂದಿಸಬೇಕು.

ತಡೆದ ಹಣ ತಾನಾಗಿ ಮರಳುವುದಿಲ್ಲ. ದೊಡ್ಡ ಮೊತ್ತಕ್ಕೆ ಸಾಮಾನ್ಯವಾಗಿ ನ್ಯಾಯಾಲಯದ ಆದೇಶ ಬೇಕಾಗುತ್ತದೆ. ಇನ್ನೊಂದು ತೊಡಕೂ ಇದೆ. ವಂಚನೆಯ ಹಣದಲ್ಲಿ ಯಾರೋ ಕಾರವಾರದ ಮಾರುಕಟ್ಟೆಯಲ್ಲಿ 300 ರೂಪಾಯಿಗೆ ಬಂಗಡೆ ಕೊಂಡು ಯುಪಿಐ ಮಾಡಿದರೆ, ಆ ಮೀನುಗಾರ್ತಿಯ ಇಡೀ ಖಾತೆಯೇ ಸ್ತಬ್ಧವಾಗಬಹುದು. ಕೇರಳ ಹೈಕೋರ್ಟು 2023ರಲ್ಲಿ ಇಂಥ ತಡೆಯನ್ನು ವಿವಾದಿತ ಮೊತ್ತಕ್ಕಷ್ಟೇ ಸೀಮಿತಗೊಳಿಸಿತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಂ ಅಡಿ ಇಂಥ ಖಾತೆಯನ್ನು ಜಪ್ತಿ ಮಾಡಿದ ಅಧಿಕಾರಿ ಕೂಡಲೇ ಮ್ಯಾಜಿಸ್ಟ್ರೇಟರಿಗೆ ವರದಿ ಸಲ್ಲಿಸಬೇಕು. ಮೀನುಗಾರ್ತಿಯ ವಕೀಲರು ಮೊದಲು ಕೇಳಬೇಕಾದದ್ದು ಆ ವರದಿಯನ್ನೇ.