ಹೊಳವಿನಲ್ಲಿ ಆಡಬೇಕಾದ ಮಾತು

ಅಪ್ಪಯ್ಯನ ವೈಕುಂಠ ಸಮಾರಾಧನೆ ಮುಗಿದ ಮರುದಿನ. ನೆಂಟರೆಲ್ಲ ಹೊರಟಿದ್ದರು. ಅಡುಗೆಯವರ ದೊಡ್ಡ ಪಾತ್ರೆಗಳೂ ಗಾಡಿ ಹತ್ತಿದ್ದವು. ಸಂಜೆ ನಾಲ್ಕು ಗಂಟೆಗೆ ಅಮ್ಮ ಎದ್ದು ಬಚ್ಚಲೊಲೆಗೆ ಒಣ ಸೋಗೆ ತುರುಕಿ ಬೆಂಕಿ ಹಾಕಿದಳು. 46 ವರ್ಷದಿಂದ ಅದೇ ಹೊತ್ತಿಗೆ ಅದೇ ಕೆಲಸ. ತೋಟದಿಂದ ಬರುವ ಅಪ್ಪಯ್ಯನಿಗೆ ಸ್ನಾನಕ್ಕೆ ನೀರು ಕಾದಿರಬೇಕಿತ್ತು. ಹಂಡೆಯಿಂದ ಹಬೆ ಏಳುವವರೆಗೂ ಅವಳಿಗೆ ನೆನಪಾಗಲಿಲ್ಲ. ನೆನಪಾದ ಮೇಲೆ ಬಚ್ಚಲ ಬಾಗಿಲಲ್ಲೇ ಕೂತುಬಿಟ್ಟಳು. "ಕೈ ಅದರಷ್ಟಕ್ಕೇ ಮಾಡ್ತು ಮಾರಾಯ. ನಂಗೆ ತಲೆ ಸರಿ ಇಲ್ವಾ ಎಂತ?" ಅಂದಳು.

ತಲೆ ಸರಿಯಾಗೇ ಇತ್ತು. ಅದು ತನ್ನ ಕೆಲಸ ಮಾಡುತ್ತಿತ್ತು, ಅಷ್ಟೆ. ಮಳೆಗಾಲದಲ್ಲಿ ಕರೆಂಟು ಹೋದಾಗಲೂ ನಾವು ನಮ್ಮ ಮನೆಯಲ್ಲಿ ಎಡವದೆ ಓಡಾಡುತ್ತೇವೆ. ಹೊಸ್ತಿಲು ಎಲ್ಲಿ, ಕಂಬ ಎಲ್ಲಿ ಅನ್ನುವುದರ ನಕ್ಷೆ ತಲೆಯೊಳಗಿದೆ. ಜೊತೆಗೆ ಬದುಕುವ ಮನುಷ್ಯರದ್ದೂ ಹಾಗೇ ಒಂದು ನಕ್ಷೆ ಇರುತ್ತದೆ. ಈಗ ಎಲ್ಲಿದ್ದಾರೆ, ಯಾವಾಗ ಬರುತ್ತಾರೆ, ಬಂದು ಏನು ಕೇಳುತ್ತಾರೆ ಎಂದು ಮಿದುಳು ದಿನವಿಡೀ ಊಹೆ ಮಾಡುತ್ತಲೇ ಇರುತ್ತದೆ. ಮನುಷ್ಯ ಹೋದ ದಿನವೇ ನಕ್ಷೆ ಅಳಿಸಿಹೋಗುವುದಿಲ್ಲ. ದುಃಖವೆಂದರೆ ಒಂದು ಬಗೆಯ ಕಲಿಕೆ ಎಂದು ಅಮೆರಿಕದ ಮನೋವಿಜ್ಞಾನಿ ಮೇರಿ-ಫ್ರಾನ್ಸೆಸ್ ಓಕಾನರ್ ಹೇಳುತ್ತಾರೆ. ಹಳೆಯ ಊಹೆ ದಿನಕ್ಕೆ ಹತ್ತು ಸಲ ಸುಳ್ಳಾಗಬೇಕು. ಪ್ರತಿ ಸಲ ನೋಯಬೇಕು. ಹಾಗೆ ನೊಂದು ನೊಂದೇ ಮಿದುಳು ಹೊಸ ನಕ್ಷೆ ಬರೆದುಕೊಳ್ಳುವುದು. ಅದಕ್ಕೆ ತಿಂಗಳುಗಳು ಹಿಡಿಯುತ್ತವೆ.

ಇನ್ನೊಂದು ದಿನ ಅಮ್ಮ ನನ್ನನ್ನು ಹತ್ತಿರ ಕರೆದು ಸಣ್ಣ ದನಿಯಲ್ಲಿ ಹೇಳಿದಳು. ರಾತ್ರಿ ಜಗಲಿಯಲ್ಲಿ ಅಪ್ಪಯ್ಯ ಕೆಮ್ಮಿದ್ದು ಕೇಳಿಸಿತಂತೆ. ಯಾರಿಗೂ ಹೇಳಬೇಡ, ಕ್ರಿಯೆಯಲ್ಲಿ ಏನೋ ಲೋಪ ಆಗಿದೆ ಅಂತಾರೆ ಎಂದಳು. ನಾನು ಅವಳಿಗೆ ಬ್ರಿಟನ್ನಿನ ವೇಲ್ಸ್ ಎಂಬ ಗುಡ್ಡಗಾಡಿನ ಕಥೆ ಹೇಳಿದೆ. ಅಲ್ಲಿ ಡೂಯಿ ರೀಸ್ ಎಂಬ ಊರ ಡಾಕ್ಟರು ಗಂಡನನ್ನೋ ಹೆಂಡತಿಯನ್ನೋ ಕಳಕೊಂಡ 293 ಮಂದಿಯನ್ನು ಮಾತಾಡಿಸಿ 1971ರಲ್ಲಿ ಒಂದು ವರದಿ ಬರೆದರು. ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಹೋದವರು ಇಲ್ಲೇ ಇದ್ದಾರೆ ಅನ್ನಿಸುತ್ತಿತ್ತು. ಕೆಲವರಿಗೆ ಕಾಣಿಸಿದ್ದೂ ಉಂಟು, ದನಿ ಕೇಳಿಸಿದ್ದೂ ಉಂಟು. ಜಾಸ್ತಿ ಜನ ಅದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಹಲವರಿಗೆ ಅದರಿಂದ ಸಮಾಧಾನವೇ ಆಗಿತ್ತು. ಅಮ್ಮ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, "ಹಂಗಾರೆ ಕೆಮ್ಮಿಕೊಳ್ಳಲಿ ಬಿಡು" ಅಂದಳು.

ದುಃಖಕ್ಕೆ ಐದು ಮೆಟ್ಟಿಲು ಎಂದು ನೀವು ಓದಿರಬಹುದು. ನಂಬದಿರುವುದು, ಸಿಟ್ಟು, ಚೌಕಾಸಿ, ಕುಗ್ಗುವುದು, ಕೊನೆಗೆ ಒಪ್ಪಿಕೊಳ್ಳುವುದು. ವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಬರೆದದ್ದು ಅದು. ಆದರೆ ಅವರು ಮಾತಾಡಿಸಿದ್ದು ಸಾವಿನ ಹತ್ತಿರ ಇದ್ದ ರೋಗಿಗಳನ್ನು, ಕಳಕೊಂಡು ಉಳಿದವರನ್ನಲ್ಲ. ಉಳಿದವರ ದುಃಖ ಮೆಟ್ಟಿಲು ಹತ್ತಿದ ಹಾಗೆ ಸಾಗುವುದಿಲ್ಲ ಎಂಬುದು ಆಮೇಲಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ತನಗೆ ಸಿಟ್ಟೇ ಬರಲಿಲ್ಲ, ಕಣ್ಣೀರೇ ಬರಲಿಲ್ಲ ಎಂದು ಗಾಬರಿ ಬಿದ್ದವರನ್ನು ನಾನು ಕಂಡಿದ್ದೇನೆ.

ಹಾಗಾದರೆ ಹೇಗೆ ಸಾಗುತ್ತದೆ? ಮಲೆನಾಡಿನವರಿಗೆ ಇದನ್ನು ಹೇಳುವುದು ಸುಲಭ. ಹೊಳವು ಅನ್ನುವ ಮಾತು ನಮ್ಮಲ್ಲಿದೆ. ಆಷಾಢದಲ್ಲಿ ಮೂರು ದಿನ ಬಿಡದೆ ಹೊಯ್ದು, ಮಳೆ ಒಂದು ಗಳಿಗೆ ನಿಲ್ಲುತ್ತದಲ್ಲ, ಅದು. ಮಳೆಗಾಲ ಮುಗಿಯಿತು ಎಂದು ಯಾರೂ ಅಂದುಕೊಳ್ಳುವುದಿಲ್ಲ. ಹೊಳವಾಯಿತು ಎಂದು ದನ ಹೊರಗೆ ಬಿಡುತ್ತೇವೆ, ಬಟ್ಟೆ ಹರವುತ್ತೇವೆ, ತೋಟಕ್ಕೆ ಒಂದು ಸುತ್ತು ಹೋಗಿ ಬರುತ್ತೇವೆ. ಮತ್ತೆ ಹನಿ ಬಿದ್ದರೆ ಒಳಗೆ. 1999ರಲ್ಲಿ ನೆದರ್ಲೆಂಡ್ಸಿನ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ಸಂಶೋಧಕರು ದುಃಖದ ಬಗ್ಗೆ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಕಳಕೊಂಡವರು ಒಂದು ಹೊತ್ತು ಅಳುತ್ತಾರೆ, ಫೋಟೊ ಹಿಡಿದು ಕೂರುತ್ತಾರೆ. ಇನ್ನೊಂದು ಹೊತ್ತು ಬ್ಯಾಂಕಿಗೆ ಹೋಗುತ್ತಾರೆ, ಗೊತ್ತಿಲ್ಲದ ಕೆಲಸ ಕಲಿಯುತ್ತಾರೆ, ನಗುತ್ತಾರೆ ಕೂಡ. ಈ ಎರಡರ ನಡುವೆ ಓಡಾಡುವುದೇ ಚೇತರಿಸಿಕೊಳ್ಳುವ ದಾರಿ. ಬರೀ ಅಳುತ್ತಿದ್ದರೂ ಕಷ್ಟ, ಅಳುವನ್ನು ಪೂರಾ ಅದುಮಿಟ್ಟು ಬರೀ ಕೆಲಸದಲ್ಲಿ ಮುಳುಗಿದರೂ ಕಷ್ಟ. ಗಂಡ ಸತ್ತು ತಿಂಗಳಾಗಿಲ್ಲ, ಆಗಲೇ ಟಿವಿ ನೋಡಿ ನಗ್ತಾಳೆ ಎಂದು ಆಡಿಕೊಳ್ಳುವವರು ಇದನ್ನು ತಿಳಿದಿದ್ದರೆ ಒಳ್ಳೆಯದಿತ್ತು. ಅದು ಅವಳ ಹೊಳವು.

ದುಃಖ ಮೈಯಲ್ಲೂ ನಡೆಯುತ್ತದೆ. ನಿದ್ದೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ. ಕಾಲಿನ್ ಮರ್ರೆ ಪಾರ್ಕ್ಸ್ ಮತ್ತವರ ಜೊತೆಗಾರರು ಬ್ರಿಟನ್ನಿನಲ್ಲಿ ಹೆಂಡತಿಯನ್ನು ಕಳಕೊಂಡ, 55 ದಾಟಿದ 4,486 ಗಂಡಸರ ಲೆಕ್ಕ ಇಟ್ಟು 1969ರಲ್ಲಿ ಪ್ರಕಟಿಸಿದರು. ಮೊದಲ ಆರು ತಿಂಗಳಲ್ಲಿ ಅವರು ಸಾಯುವ ಪ್ರಮಾಣ ಅದೇ ವಯಸ್ಸಿನ ಮದುವೆಯಾದ ಗಂಡಸರಿಗಿಂತ ನೂರಕ್ಕೆ 40ರಷ್ಟು ಜಾಸ್ತಿ ಇತ್ತು. ಮುಖ್ಯ ಕಾರಣ ಹೃದಯದ ಕಾಯಿಲೆ. ಎದೆ ಒಡೆಯಿತು ಅನ್ನುವ ಮಾತೂ ಪೂರ್ತಿ ಸುಳ್ಳಲ್ಲ. ತೀರಾ ಆಘಾತವಾದಾಗ ಹೃದಯದ ಎಡ ಕೆಳಕೋಣೆಯ ತುದಿ ಬಲೂನಿನ ಹಾಗೆ ಉಬ್ಬಿ ದುರ್ಬಲವಾಗುವ ಒಂದು ತೊಂದರೆಯನ್ನು ಜಪಾನಿನ ವೈದ್ಯರು 1990ರ ಹೊತ್ತಿಗೆ ಗುರುತಿಸಿದರು. ನಾವು ಮೀನಿಗೆ ಕೂಣಿ ಇಡುವ ಹಾಗೆ ಅಲ್ಲಿ ಆಕ್ಟೋಪಸ್ ಹಿಡಿಯಲು ಒಂದು ಮಡಕೆ ಇಡುತ್ತಾರೆ. ಕುತ್ತಿಗೆ ಸಣ್ಣ, ಹೊಟ್ಟೆ ಅಗಲ. ಉಬ್ಬಿದ ಹೃದಯ ಹಾಗೆ ಕಂಡದ್ದರಿಂದ ಅದರ ಹೆಸರನ್ನೇ ಇಟ್ಟರು, ತಕೊತ್ಸುಬೊ. ಮುಟ್ಟು ನಿಂತ ಹೆಂಗಸರಲ್ಲಿ ಜಾಸ್ತಿ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಹೃದಯ ಮೊದಲಿನಂತಾಗುತ್ತದೆ, ಆದರೆ ಎದೆನೋವನ್ನು ದುಃಖ ಎಂದುಕೊಂಡು ಮನೆಯಲ್ಲೇ ಕೂರಬಾರದು. ಸಾವಾದ ಮನೆಯಲ್ಲಿ ಉಳಿದವರ ಬಿಪಿ, ಶುಗರ್ ಮಾತ್ರೆ ತಪ್ಪದ ಹಾಗೆ ಯಾರಾದರೂ ಒಬ್ಬರು ನೋಡಿಕೊಳ್ಳಬೇಕು.

ನಮ್ಮ ಹಿರಿಯರು ಹತ್ತು, ಹನ್ನೊಂದು, ಹದಿಮೂರು, ಮಾಸಿಕ, ವರ್ಷಾಂತಿಕ ಎಂದು ದುಃಖಕ್ಕೊಂದು ಕ್ಯಾಲೆಂಡರ್ ಮಾಡಿಟ್ಟರು. ಅದರಲ್ಲಿ ನನಗೆ ಹಿಡಿಸುವುದು ಜನ ಬಂದು ಹೋಗುವುದು. ಕೂಡ್ಲಿಯಲ್ಲಿ, ತುಂಗೆ ಭದ್ರೆ ಕೂಡುವಲ್ಲಿ ಅಸ್ಥಿ ಬಿಟ್ಟ ದಿನ ನಾವು ಹದಿನೇಳು ಜನ ಇದ್ದೆವು. ಹದಿನಾಲ್ಕನೇ ದಿನ ಮೂರು ಜನ. ಒಂದು ಮನೆಗೂ ಇನ್ನೊಂದಕ್ಕೂ ಒಂದು ಗುಡ್ಡ ಅಡ್ಡ ಇರುವ ನಮ್ಮ ಸೀಮೆಯಲ್ಲಿ ಈ ಹದಿನಾಲ್ಕನೇ ದಿನ ಬಹಳ ಉದ್ದ. ನೆರೆಯವರು ನಿಜವಾಗಿ ಬೇಕಾಗುವುದು ಆಗ. ಬಂದು ಸಮಾಧಾನದ ಮಾತೇ ಆಡಬೇಕೆಂದಿಲ್ಲ. ಹೋದವರ ಹೆಸರೆತ್ತಿ ಒಂದು ಹಳೆಯ ಕಥೆ ಹೇಳಿದರೂ ಸಾಕು. ಹೆಸರೆತ್ತಿದರೆ ಅಳ್ತಾರೆ ಎಂದು ನಾವು ಹೆದರುತ್ತೇವೆ. ಆದರೆ ಅವರ ತಲೆಯಲ್ಲಿ ಆ ಹೆಸರು ಮೊದಲೇ ಇರುತ್ತದೆ ಅಲ್ವಾ?

ಹೆಚ್ಚಿನವರು ಹೀಗೇ ಚೇತರಿಸಿಕೊಳ್ಳುತ್ತಾರೆ. ಹತ್ತರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಮಳೆ ಹೊಳವಾಗುವುದೇ ಇಲ್ಲ. ಆರು ತಿಂಗಳು ದಾಟಿದರೂ ದಿನವಿಡೀ ಅದೇ ಹಂಬಲ, ಊಟ ಕೆಲಸ ಯಾವುದೂ ನಡೆಯದ ಸ್ಥಿತಿ ಇದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಪಟ್ಟಿ ಅದನ್ನು ಚಿಕಿತ್ಸೆ ಬೇಕಾದ ತೊಂದರೆ ಎಂದೇ ಎಣಿಸುತ್ತದೆ. ಅದಕ್ಕೆ ಹೊಂದುವ ಮಾತಿನ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಈಗ ನನಗೆ ಕಷ್ಟವಾಗುವ ಭಾಗ. ಅಪ್ಪಯ್ಯ ಹೋದದ್ದು ಊರಿಂದ ದೂರದ ಒಂದು ಆಸ್ಪತ್ರೆಯ ಐಸಿಯುನಲ್ಲಿ. ಗಂಟಲಲ್ಲಿ ಪೈಪು, ಅದನ್ನು ಎಳೆಯಬಾರದು ಎಂದು ಕೈಯನ್ನು ಮಂಚಕ್ಕೆ ಕಟ್ಟಿದ್ದರು. ಒಂಬತ್ತನೇ ದಿನ ಡಾಕ್ಟರು ಹೊರಗೆ ಕರೆದು, "ಮುಂದೆ ಹೇಗೆ ಮಾಡೋಣ, ನೀವು ಹೇಳಿ" ಎಂದರು. ನಾನು ಅಣ್ಣನ ಮುಖ ನೋಡಿದೆ, ಅಣ್ಣ ನನ್ನ ಮುಖ ನೋಡಿದ. ಅಡಿಕೆ ಯಾವಾಗ ಮಾರಬೇಕು, ತೋಟದ ಯಾವ ಭಾಗಕ್ಕೆ ಗೊಬ್ಬರ ಹಾಕಬೇಕು, ಎಲ್ಲದಕ್ಕೂ ಅಪ್ಪಯ್ಯನ ಮಾತಿತ್ತು. ಇದೊಂದಕ್ಕೆ ಇರಲಿಲ್ಲ. ನಾವು ಯಾರೂ ಕೇಳಿರಲಿಲ್ಲ. ಆ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅದಕ್ಕೇ ಮೆಲ್ಬರ್ನ್‌ನ ಒಂದು ಅಧ್ಯಯನ ಓದಿದಾಗ ನಾನು ಅಲ್ಲೇ ನಿಂತುಬಿಟ್ಟೆ. 80 ದಾಟಿದ 309 ರೋಗಿಗಳು. ಅರ್ಧ ಜನರ ಜೊತೆ ತರಬೇತಾದವರು ಕೂತು, ಕಾಯಿಲೆ ಉಲ್ಬಣಿಸಿದರೆ ನಿಮಗೆ ಏನು ಬೇಕು, ಏನು ಬೇಡ, ನಿಮ್ಮ ಪರವಾಗಿ ಯಾರು ಹೇಳಬೇಕು ಎಂದು ಕೇಳಿ ಬರೆದಿಟ್ಟರು. ಆರು ತಿಂಗಳೊಳಗೆ ತೀರಿಕೊಂಡವರಲ್ಲಿ, ಹೀಗೆ ಮಾತಾಡಿದ್ದ ಗುಂಪಿನ ನೂರಕ್ಕೆ 86 ಮಂದಿಯ ಇಷ್ಟ ತಿಳಿದಿತ್ತು, ಹಾಗೇ ನಡೆಯಿತು. ಇನ್ನೊಂದು ಗುಂಪಿನಲ್ಲಿ ನೂರಕ್ಕೆ 30. 2010ರಲ್ಲಿ ಬಂದ ಈ ಅಧ್ಯಯನದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ಸಂಗತಿ. ಮೊದಲೇ ಮಾತಾಡಿದ್ದವರ ಮನೆಯಲ್ಲಿ ಉಳಿದವರಿಗೆ ಆತಂಕ, ಖಿನ್ನತೆ ಗಮನಾರ್ಹವಾಗಿ ಕಡಿಮೆ ಇತ್ತು. ಸಾಯುವವರು ಆಡಿಟ್ಟ ಮಾತು ಉಳಿದವರ ದುಃಖವನ್ನೂ ಹಗುರ ಮಾಡಿತ್ತು.

ದೊಡ್ಡಮ್ಮ ಹೋದದ್ದು ಮನೆಯಲ್ಲಿ, ನಡುಮನೆಯ ಮಂಚದ ಮೇಲೆ. ಅವರಿಗೆ ಹರಡಿದ ಕ್ಯಾನ್ಸರ್ ಇತ್ತು. ಮನೆಗೆ ಬರುತ್ತಿದ್ದ ನರ್ಸಮ್ಮ ಮುಂದೇನಾಗುತ್ತದೆ ಎಂದು ಒಂದೊಂದಾಗಿ ಹೇಳಿಕೊಟ್ಟಿದ್ದರಿಂದ ನಾವು ಹೆದರಲಿಲ್ಲ. ಮೊದಲು ಊಟ ಕಡಿಮೆಯಾಗುತ್ತದೆ. ಊಟ ಬಿಟ್ಟಿದ್ದಕ್ಕೆ ಸಾಯುತ್ತಿದ್ದಾರೆ ಎಂದು ನಮಗನ್ನಿಸುತ್ತದೆ, ನಿಜಕ್ಕೂ ಸಾವು ಹತ್ತಿರವಾದ್ದರಿಂದ ದೇಹವೇ ಊಟ ಬೇಡ ಅನ್ನುತ್ತಿರುತ್ತದೆ. ಆಗ ಒತ್ತಾಯದಿಂದ ಗಂಜಿ ಹೊಯ್ದರೆ ಶ್ವಾಸನಾಳಕ್ಕೆ ಇಳಿಯಬಹುದು. ಡ್ರಿಪ್ ಹಾಕಿಸಿದರೆ ಆ ನೀರನ್ನು ಹೊರಹಾಕುವ ಶಕ್ತಿ ಇಲ್ಲದೆ ಕೈಕಾಲು ಬಾತು, ಎದೆಯಲ್ಲಿ ಕಫ ಹೆಚ್ಚಬಹುದು. ಬಾಯಿಗೆ ತುಳಸಿ ನೀರು ಬಿಡುವುದು ನಮ್ಮ ಪದ್ಧತಿ. ಚಮಚದಲ್ಲಿ ಬಿಡುವ ಬದಲು ಹತ್ತಿಯನ್ನು ಆ ನೀರಿನಲ್ಲಿ ಅದ್ದಿ ತುಟಿ, ನಾಲಿಗೆ ಒರೆಸಿದೆವು. ಬಾಯಿ ಒಣಗುವುದೇ ಆಗಿನ ದೊಡ್ಡ ಕಷ್ಟ, ಅದಕ್ಕೆ ಒದ್ದೆ ಹತ್ತಿಯೇ ಔಷಧಿ.

ಆಮೇಲೆ ನಿದ್ದೆ ಜಾಸ್ತಿಯಾಯಿತು. ಕಾಲು ತಣ್ಣಗಾಗಿ ಚರ್ಮದ ಮೇಲೆ ನೀಲಿ ಮಚ್ಚೆ ಎದ್ದವು. ಉಸಿರು ಜೋರಾಗಿ ಏರಿ, ಇಳಿದು, ಪೂರಾ ನಿಂತು, ಮತ್ತೆ ಶುರುವಾಗುತ್ತಿತ್ತು. 19ನೇ ಶತಮಾನದ ಇಬ್ಬರು ವೈದ್ಯರ ಹೆಸರಲ್ಲಿ ಇದನ್ನು ಚೇನ್-ಸ್ಟೋಕ್ಸ್ ಉಸಿರಾಟ ಅನ್ನುತ್ತಾರೆ. ಗಂಟಲಲ್ಲಿ ಗೊರಗೊರ ಸದ್ದು ಬಂತು. ನುಂಗಲಾಗದ ಜೊಲ್ಲಿನ ಸದ್ದು ಅದು. ಪಕ್ಕಕ್ಕೆ ಹೊರಳಿಸಿ ಮಲಗಿಸಿದರೆ ಕಡಿಮೆಯಾಗುತ್ತಿತ್ತು. ಕೇಳುವವರಿಗೆ ಕರುಳು ಹಿಂಡುತ್ತದೆ, ಮಲಗಿದವರಿಗೆ ಅಷ್ಟು ತಿಳಿಯುವುದಿಲ್ಲ. ಆದರೆ ಕಿವಿ ಕೊನೆಯವರೆಗೂ ಕೇಳುತ್ತಿರಬಹುದು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಸಾವಿನಂಚಿನಲ್ಲಿ ಪ್ರಜ್ಞೆ ತಪ್ಪಿದ್ದವರ ಮಿದುಳಿನ ಅಲೆ ಅಳೆದು 2020ರಲ್ಲಿ ಪ್ರಕಟಿಸಿದರು. ಕೆಲವರ ಮಿದುಳು ಸದ್ದಿಗೆ ಸ್ಪಂದಿಸುತ್ತಿತ್ತು. ನಾವು ದೊಡ್ಡಮ್ಮನ ಕಿವಿಯ ಹತ್ತಿರ ಕೂತು ಕೊಟ್ಟಿಗೆಯ ಸುದ್ದಿ ಹೇಳುತ್ತಿದ್ದೆವು. ಗೌರಿ ಕರು ಹಾಕಿದ್ದನ್ನೂ ಹೇಳಿದೆವು.

ನೋವು? ನೋವಿಗೆ ಮಾರ್ಫಿನ್ ಮಾತ್ರೆ ಇತ್ತು. ಮಾರ್ಫಿನ್ ಕೊಟ್ಟರೆ ಬೇಗ ಸಾಯ್ತಾರೆ ಎಂದು ನೆಂಟರೊಬ್ಬರು ತಗಾದೆ ತೆಗೆದರು. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಹಾಗಾಗುವುದಿಲ್ಲ. ಕಾಯಿಲೆ ವಾಸಿಯಾಗದಿದ್ದರೂ ನೋವು, ಉಬ್ಬಸ, ಮನಸ್ಸಿನ ಸಂಕಟ ಎಲ್ಲವನ್ನೂ ನೋಡಿಕೊಳ್ಳುವ ಈ ಆರೈಕೆಗೆ ಪ್ಯಾಲಿಯೇಟಿವ್ ಕೇರ್ ಎಂದು ಹೆಸರು. 1967ರಲ್ಲಿ ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಶುರುಮಾಡಿದ ಸೇಂಟ್ ಕ್ರಿಸ್ಟೋಫರ್ಸ್ ಇದರ ತವರು ಅನ್ನಬಹುದು. ಬೆಂಗಳೂರಿನಲ್ಲಿ ಕರುಣಾಶ್ರಯ 1999ರಿಂದ ಉಚಿತವಾಗಿ ನೋಡಿಕೊಳ್ಳುತ್ತಿದೆ. ಇನ್ನೇನೂ ಮಾಡಲಿಕ್ಕಿಲ್ಲ ಅಂದ ಮೇಲೆ ಹೋಗುವ ಜಾಗ ಎಂದು ಇದನ್ನು ತಿಳಿಯಬಾರದು. 2010ರಲ್ಲಿ ಅಮೆರಿಕದ ಜೆನಿಫರ್ ಟೆಮೆಲ್ ತಂಡ ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ಜನರನ್ನು ನೋಡಿತು. ಚಿಕಿತ್ಸೆಯ ಜೊತೆಗೇ ಮೊದಲಿನಿಂದ ಈ ಆರೈಕೆ ಸಿಕ್ಕವರು ನಡುಮಟ್ಟದ ಲೆಕ್ಕದಲ್ಲಿ 11.6 ತಿಂಗಳು ಬದುಕಿದರು, ಸಿಗದವರು 8.9 ತಿಂಗಳು.

ಕಾನೂನೂ ಈಗ ಜೊತೆಗಿದೆ. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಹೇಳಿತು. 2023ರಲ್ಲಿ ನಿಯಮ ಸುಲಭ ಮಾಡಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ವಯಸ್ಕರು ಯಾರೇ ಆಗಲಿ, ಬುದ್ಧಿ ಸ್ಥಿಮಿತದಲ್ಲಿರುವಾಗ ಇಂಥ ಚಿಕಿತ್ಸೆ ಬೇಡ ಎಂದು ಬರೆದು, ತಮ್ಮ ಪರವಾಗಿ ನಿರ್ಧಾರ ಮಾಡುವವರ ಹೆಸರು ಕಾಣಿಸಿ, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ವಾಪಸು ಪಡೆಯಬಹುದು. ರೋಗಿ ತಾನೇ ನಿರ್ಧರಿಸಲಾಗದ, ಗುಣವಾಗುವ ಆಸೆಯೂ ಇಲ್ಲದ ಸ್ಥಿತಿ ಬಂದಾಗ ಮಾತ್ರ ಇದು ಲೆಕ್ಕಕ್ಕೆ ಬರುತ್ತದೆ. ಆಗಲೂ ವೈದ್ಯರ ಎರಡು ಮಂಡಳಿಗಳು ನೋಡಿ ಒಪ್ಪಬೇಕು. ಇದು ಸಾಯಿಸುವುದಲ್ಲ. ಸಾವನ್ನು ಮೆಷಿನ್ನಿನಲ್ಲಿ ಎಳೆಯದೆ, ನೋವಿಲ್ಲದೆ ಬರಲು ಬಿಡುವುದು.

ಸಣ್ಣ ಕಾಗದಗಳನ್ನೂ ಒಂದು ಕಡೆ ಇಡಿ. ಸಾವಾದ 21 ದಿನದೊಳಗೆ ನೋಂದಣಿ ಆಗಬೇಕು. ಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಮರಣ ಪ್ರಮಾಣಪತ್ರ ಕೇಳುತ್ತಾರೆ. ಅಪ್ಪಯ್ಯನ ಪಾಸ್‌ಬುಕ್ಕು ನಮಗೆ ಸಿಕ್ಕಿದ್ದು ಪಂಚಾಂಗದ ಕಟ್ಟಿನೊಳಗೆ, ನಾಲ್ಕು ತಿಂಗಳಾದ ಮೇಲೆ.

ಅಮ್ಮನ ಹತ್ತಿರ ಈ ಮಾತು ಹೇಗೆ ತೆಗೆಯುವುದು ಎಂದು ಒಂದು ವರ್ಷ ಒದ್ದಾಡಿದೆ. ದಸರೆ ಕಳೆದರೂ ಮಳೆ ಬಿಟ್ಟಿರಲಿಲ್ಲ. ಹೊಳವಾದ ಒಂದು ಮಧ್ಯಾಹ್ನ ಅವಳು ಜಗಲಿಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಹಸಿ ಅಡಿಕೆ ಸುಲಿಯುತ್ತಿದ್ದಳು. ಬೆರಳೆಲ್ಲ ಚೊಗರು ಹಿಡಿದು ಕಪ್ಪಾಗಿತ್ತು. "ಅಪ್ಪಯ್ಯನಿಗೆ ಎಂತ ಬೇಕಿತ್ತು ಅಂತ ನಮಗೆ ಗೊತ್ತಾಗಲೇ ಇಲ್ಲ ಅಲ್ವಾ ಅಮ್ಮ?" ಎಂದೆ. ಅವಳ ಕೈ ನಿಲ್ಲಲಿಲ್ಲ.

"ನಂದು ಬರ್ಕೋ" ಅಂದಳು. "ಗಂಟಲಿಗೆ ಪೈಪ್ ಬೇಡ. ನಡುಮನೇಲಿ ಬೇಡ, ಜಗಲಿ ಪಕ್ಕದ ಕೋಣೇಲಿ ಮಲಗ್ಸಿ. ಅಲ್ಲಿಂದ ತೋಟ ಕಾಣ್ತದೆ. ನಿರ್ಧಾರ ನಿನ್ನ ಅತ್ತಿಗೆ ಹೇಳ್ಲಿ, ನೀವಿಬ್ರೂ ಅಳ್ತಾ ಕೂರ್ತೀರಿ."

ನಾನು ಒಳಗಿಂದ ಪೆನ್ನು ತಂದು ಹಳೆಯ ಲೆಕ್ಕದ ಪುಸ್ತಕದ ಹಿಂದೆ ಬರೆಯತೊಡಗಿದೆ. ಮೂರು ಸಾಲು ಆಗಿತ್ತು. ಗುಡ್ಡದ ಕಡೆಯಿಂದ ಮಳೆ ಬರುವ ಸದ್ದು ಕೇಳಿತು. ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿತ್ತು.

"ಉಳಿದದ್ದು ನಾಳೆ ಹೇಳ್ತೀನಿ, ಏಳು ಏಳು" ಎಂದು ಅಮ್ಮ ಮೆಟ್ಟುಗತ್ತಿ ಬದಿಗಿಟ್ಟು ಅಂಗಳಕ್ಕೆ ಇಳಿದಳು.